ಮಕ್ಕಳ ಜೊತೆ ಅಡುಗೆ: ಒಂದು ಕೆಲಸ ಪೂರ್ತಿ ಅವರಿಗೇ ಬಿಡಿ

ಮಕ್ಕಳನ್ನು ಅಡುಗೆಮನೆಗೆ ಸೇರಿಸಿಕೊಳ್ಳಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ತುಂಬಾ ಮನೆಗಳಲ್ಲಿ ಆಗುವುದು ಇಷ್ಟು: ಮಗುವಿನ ಕೈಗೆ ಸೌಟು ಕೊಡುತ್ತೇವೆ, ಅದು ಎರಡು ಸುತ್ತು ತಿರುಗಿಸುವಷ್ಟರಲ್ಲಿ "ಸಾಕು ಕೊಡಿಲ್ಲಿ, ಚೆಲ್ಲುತ್ತೆ" ಅಂತ ಕಿತ್ತುಕೊಳ್ಳುತ್ತೇವೆ, ಆಮೇಲೆ ಒಂದು ಚಿಟಿಕೆ ಉಪ್ಪು ಹಾಕಿಸಿ, ಒಂದು ಫೋಟೋ ತೆಗೆದು, "ಈಗ ಹೋಗಿ ಆಟ ಆಡ್ಕೋ" ಅನ್ನುತ್ತೇವೆ. ಇದರಲ್ಲಿ ಮಗು ಮಾಡಿದ್ದು ಏನೂ ಇಲ್ಲ. ಅದು ಮಗುವಿಗೂ ಗೊತ್ತು. ತನಗೆ ಕೊಟ್ಟಿದ್ದು ನಿಜವಾದ ಕೆಲಸವೋ, ಸಮಾಧಾನಕ್ಕೆ ಕೊಟ್ಟಿದ್ದೋ ಅಂತ ಮೂರು ವರ್ಷದ ಮಗುವೂ ಪತ್ತೆ ಹಚ್ಚಿಬಿಡುತ್ತದೆ.

ಹಾಗಾಗಿ ಹತ್ತು ಕೆಲಸಗಳಲ್ಲಿ ಚೂರುಚೂರು ಕೈ ಹಾಕಿಸಬೇಡಿ. ಒಂದೇ ಕೆಲಸ ಕೊಡಿ, ಅದು ಮೊದಲಿನಿಂದ ಕೊನೆಯವರೆಗೆ ಅವರದ್ದೇ ಆಗಿರಲಿ. ಉದಾಹರಣೆಗೆ ಹಸಿ ಬಟಾಣಿ ಬಿಡಿಸುವುದು. ಬುಟ್ಟಿಯಿಂದ ಕಾಯಿ ತೆಗೆಯುವುದು, ಬಿಡಿಸುವುದು, ಹುಳುಕು ಕಾಳು ಆರಿಸಿ ಬೇರೆ ಇಡುವುದು, ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕುವುದು, ಕಾಳು ತೊಳೆದು ನಿಮಗೆ ತಂದುಕೊಡುವುದು, ಇಷ್ಟೂ ಸೇರಿ ಒಂದು ಕೆಲಸ. ಇವತ್ತಿನ ಊಟದಲ್ಲಿ ಬಟಾಣಿಯ ಹೊಣೆ ಅವರದ್ದು. ಅವರು ಬಿಡಿಸಿದರೆ ಬಟಾಣಿ ಉಂಟು, ಇಲ್ಲದಿದ್ದರೆ ಇಲ್ಲ. ನೀವು ನಡುವೆ ಹೋಗಿ "ಬೇಗ ಆಗ್ಲಿ" ಅಂತ ನಾಲ್ಕು ಕಾಯಿ ಬಿಡಿಸಿಕೊಟ್ಟರೆ ಆ ಹೊಣೆ ಅಲ್ಲಿಗೇ ಮುಗಿಯಿತು. ಇದರಲ್ಲಿ ಕಷ್ಟದ ಭಾಗ ಮಕ್ಕಳದ್ದಲ್ಲ, ಸುಮ್ನೆ ನಿಲ್ಲಬೇಕಾದ ನಮ್ಮದು.

ಯಾವಾಗ, ಎಲ್ಲಿ

ಬೆಳಗ್ಗೆ ಶಾಲೆಗೆ, ಆಫೀಸಿಗೆ ಓಡುವ ಹೊತ್ತಿನಲ್ಲಿ ಬೇಡವೇ ಬೇಡ. ಎಲ್ಲರ ಹೊಟ್ಟೆ ಚುರುಗುಟ್ಟುವ ಹೊತ್ತಿನಲ್ಲೂ ಬೇಡ. ಹಸಿದ ಮಗುವಿನ ತಾಳ್ಮೆ ಬೇಗ ಕೆಡುತ್ತದೆ, ಹಸಿದ ದೊಡ್ಡವರದ್ದು ಅದಕ್ಕಿಂತ ಬೇಗ. ರಜೆಯ ದಿನ ಊಟಕ್ಕೆ ಸಾಕಷ್ಟು ಮೊದಲೇ ಶುರು ಮಾಡಿ, ನೀವೊಬ್ಬರೇ ಮಾಡಿದರೆ ಹಿಡಿಯುವ ಸಮಯದ ಎರಡರಷ್ಟು ಇಟ್ಟುಕೊಳ್ಳಿ. ಮೊದಮೊದಲು ಹೊಟ್ಟೆ ತುಂಬುವ ಮುಖ್ಯ ಪದಾರ್ಥವನ್ನು ನೀವು ಮಾಡಿಟ್ಟುಬಿಡಿ. ಮಗುವಿನ ಪಾಲಿಗೆ ಸಲಾಡೋ, ಹಣ್ಣಿನ ಬಟ್ಟಲೋ, ಮೊಸರಿಗೆ ಬೆರೆಸುವ ತರಕಾರಿಯೋ ಇರಲಿ. ಅದು ಕೆಟ್ಟರೂ ಯಾರೂ ಉಪವಾಸ ಬೀಳುವುದಿಲ್ಲ, ನಿಮಗೂ ಕೂಗಾಡುವ ಕಾರಣ ಇರುವುದಿಲ್ಲ.

ಜಾಗದ ವಿಷಯ. ಅಡುಗೆ ಕಟ್ಟೆ ದೊಡ್ಡವರ ಎತ್ತರಕ್ಕೆ ಕಟ್ಟಿದ್ದು. ಮಗುವಿನ ಮೊಣಕೈ ಕಟ್ಟೆಗಿಂತ ಮೇಲೆ ಬರಬೇಕು, ಇಲ್ಲದಿದ್ದರೆ ಕೈಗೆ ಬಲವೇ ಸಿಗುವುದಿಲ್ಲ, ಚಾಕು ಹಿಡಿದರಂತೂ ಅಪಾಯ. ಅಲುಗಾಡದ ಅಗಲ ಸ್ಟೂಲ್ ಇದ್ದರೆ ಸರಿ. ಇಲ್ಲದಿದ್ದರೆ ತಗ್ಗಿನ ಮೇಜು, ಅದೂ ಇಲ್ಲದಿದ್ದರೆ ನೆಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ ಕೂರಿಸಿ. ಚಿಕ್ಕ ಮಕ್ಕಳಿಗೆ ನೆಲವೇ ಒಳ್ಳೆಯದು, ಬೀಳುವ ಭಯ ಇಲ್ಲ, ಚೆಲ್ಲಿದರೆ ಬಟ್ಟೆ ಮಡಚಿ ಕೊಡವಿದರೆ ಆಯಿತು. ಕುರ್ಚಿ ಮೇಲೆ ನಿಲ್ಲಿಸುವುದು ಮಾತ್ರ ಬೇಡ, ಹಿಂದಕ್ಕೆ ಒರಗಿದರೆ ಮಗುಚಿಕೊಳ್ಳುತ್ತದೆ.

ಪಾತ್ರೆ ಯಾವಾಗಲೂ ಬೇಕಾದ್ದಕ್ಕಿಂತ ದೊಡ್ಡದು ಕೊಡಿ. ಒಂದು ಕಪ್ ಹಿಟ್ಟು ಕಲಸಲು ನಾಲ್ಕು ಕಪ್ ಹಿಡಿಯುವ ಅಗಲ ಪಾತ್ರೆ. ಅರ್ಧ ಗಲೀಜು ಇದರಿಂದಲೇ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಒದ್ದೆ ಬಟ್ಟೆ ಒಂದು ಇರಲಿ, ಅದು ಕೂಡ ಅವರದ್ದೇ. ಚೆಲ್ಲಿದಾಗ "ಅಯ್ಯೋ ನೋಡು ಏನ್ಮಾಡ್ದೆ" ಅನ್ನುವ ಬದಲು ಕಣ್ಣಿನಲ್ಲೇ ಬಟ್ಟೆ ತೋರಿಸಿ. ಒರೆಸುವುದು ಶಿಕ್ಷೆ ಅಂತ ಆಗಬಾರದು, ಅದು ಅಡುಗೆಯ ಒಂದು ಭಾಗ ಅಷ್ಟೇ.

ಕೂದಲು ಕಟ್ಟಿ, ತೋಳು ಮಡಚಿ, ಸೋಪು ಹಚ್ಚಿ 20 ಸೆಕೆಂಡಾದರೂ ಕೈ ತೊಳೆಸಿ. ಬೆರಳ ಸಂದಿ, ಉಗುರಿನ ಕೆಳಗೆ, ಹೆಬ್ಬೆರಳು, ಮಕ್ಕಳು ಬಿಟ್ಟುಬಿಡುವುದು ಇವನ್ನೇ. ನಡುವೆ ಮೂಗು ಮುಟ್ಟಿದರೆ ಮತ್ತೆ ತೊಳೆಯಬೇಕು ಅನ್ನುವುದು ಮೊದಲೇ ಹೇಳಿರಿ. ಮುಟ್ಟೇ ಮುಟ್ಟುತ್ತಾರೆ.

ಯಾವ ವಯಸ್ಸಿಗೆ ಯಾವ ಕೆಲಸ

ವಯಸ್ಸಿನ ಪಟ್ಟಿಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಐದು ವರ್ಷದ ಒಂದು ಮಗು ಸೌತೆಕಾಯಿಯನ್ನು ನೀಟಾಗಿ ಹೆಚ್ಚಿದರೆ, ಎಂಟು ವರ್ಷದ ಇನ್ನೊಂದಕ್ಕೆ ಚಾಕು ಕೊಡಲು ಧೈರ್ಯ ಬರುವುದಿಲ್ಲ. ನೋಡಬೇಕಾದ್ದು ಎರಡು ವಿಷಯ: ಹೇಳಿದ ಮಾತು ಕೇಳಿ ನಿಲ್ಲುತ್ತದೆಯೇ, ಒಂದೇ ಕೆಲಸದ ಮೇಲೆ ಐದು ನಿಮಿಷ ಗಮನ ಇಡುತ್ತದೆಯೇ. ಆದರೂ ಒಂದು ಅಂದಾಜು ಬೇಕಲ್ವಾ.

ಎರಡು-ಮೂರು ವರ್ಷದವರಿಗೆ ನೀರು, ಎಲೆ, ಬಟ್ಟಲು ಸಾಕು. ತರಕಾರಿ ತೊಳೆಯುವುದು, ಸೊಪ್ಪಿನ ಎಲೆ ಬಿಡಿಸುವುದು, ಬಾಳೆಹಣ್ಣು ಸುಲಿದು ಕೈಯಲ್ಲೇ ಹಿಸುಕುವುದು, ಅಳೆದುಕೊಟ್ಟಿದ್ದನ್ನು ಪಾತ್ರೆಗೆ ಸುರಿಯುವುದು. ಹತ್ತು ನಿಮಿಷಕ್ಕೆ ಬೇಜಾರಾಗಿ ಎದ್ದು ಹೋದರೆ ಹೋಗಲಿ, ಹಿಡಿದು ಕೂರಿಸಬೇಡಿ. ಈ ವಯಸ್ಸಿನವರು ಕೆಲಸ ಮಾಡುತ್ತಾ ಬಾಯಿಗೂ ಹಾಕಿಕೊಳ್ಳುತ್ತಾರೆ. ಹಾಗಾಗಿ ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಬೀಜ, ಬಾದಾಮಿ ಇಂಥವನ್ನು ಕೈಗೆ ಸಿಗುವಲ್ಲಿ ಇಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇವೇ. ದ್ರಾಕ್ಷಿ ಕೊಡುವುದಾದರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಅಕ್ಕನೋ ಅಣ್ಣನೋ ಪ್ರೀತಿಯಿಂದ ಜೇನುತುಪ್ಪ ನೆಕ್ಕಿಸದಂತೆ ನೋಡಿಕೊಳ್ಳಿ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಅಷ್ಟು ಚಿಕ್ಕ ಮಗುವಿಗೆ ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು.

ನಾಲ್ಕೈದು ವರ್ಷಕ್ಕೆ ಹಿಟ್ಟು ಕಲಸುವುದು, ನಾದುವುದು, ಬೇಯಿಸಿದ ಆಲೂಗಡ್ಡೆ ಹಿಸುಕುವುದು, ನಿಂಬೆಹಣ್ಣು ಹಿಂಡುವುದು ಬರುತ್ತದೆ. ಮೊಟ್ಟೆ ಒಡೆಯುವುದಂತೂ ಅವರಿಗೆ ಹಬ್ಬ. ಅದನ್ನು ಯಾವಾಗಲೂ ಬೇರೆ ಚಿಕ್ಕ ಬಟ್ಟಲಿಗೆ ಒಡೆಸಿ, ಚೂರು ಸಿಪ್ಪೆ ಬಿದ್ದರೂ, ಮೊಟ್ಟೆ ಕೆಟ್ಟಿದ್ದರೂ ಇಡೀ ಹಿಟ್ಟು ಹಾಳಾಗುವುದಿಲ್ಲ. ಪಾತ್ರೆಯ ಅಂಚಿಗೆ ಹೊಡೆಯುವುದಕ್ಕಿಂತ ಸಮತಟ್ಟಾದ ಕಟ್ಟೆಗೆ ತಟ್ಟಿದರೆ ಸಿಪ್ಪೆ ಕಡಿಮೆ ಬೀಳುತ್ತದೆ. ಆಮೇಲೆ ಕೈ ತೊಳೆಯಬೇಕು.

ಆರೇಳು ವರ್ಷ ದಾಟಿದ ಮೇಲೆ ಪೀಲರ್, ತುರಿಮಣೆ, ಚಿಕ್ಕ ಚಾಕು. ತುರಿಮಣೆಯಲ್ಲಿ ಕೊನೆಯ ಎರಡು ಇಂಚು ತರಕಾರಿ ತುರಿಯಬಾರದು, ಅದನ್ನು ತಿಂದುಬಿಡಬೇಕು ಅನ್ನುವ ನಿಯಮ ಮಾಡಿ. ಬೆರಳೂ ಉಳಿಯುತ್ತದೆ, ಮಕ್ಕಳಿಗೆ ಖುಷಿಯೂ ಆಗುತ್ತದೆ. ಒಂಬತ್ತು-ಹತ್ತರ ಹೊತ್ತಿಗೆ ನೀವು ಪಕ್ಕದಲ್ಲೇ ನಿಂತು ಒಲೆಯ ಕೆಲಸ ಕಲಿಸಬಹುದು.

ಚಾಕು

ಚಾಕು ಅಂದ ತಕ್ಷಣ ಎಲ್ಲರೂ ಹೆದರುತ್ತಾರೆ, ಹೆದರಿ ಮೊಂಡು ಚಾಕು ಕೊಡುತ್ತಾರೆ. ಮೊಂಡು ಚಾಕು ತರಕಾರಿಯ ಮೇಲೆ ಜಾರುತ್ತದೆ, ಮಗು ಇನ್ನಷ್ಟು ಒತ್ತುತ್ತದೆ, ಆಗ ಎಲ್ಲಿಗೆ ಬೇಕಾದರೂ ಹೋಗಬಹುದು. ತೀರಾ ಚಿಕ್ಕವರಿಗೆ ಬಾಳೆಹಣ್ಣು, ಬೇಯಿಸಿದ ಕ್ಯಾರೆಟ್‌ನಂಥ ಮೆತ್ತಗಿನ ವಸ್ತುವಿಗೆ ಬೆಣ್ಣೆ ಸವರುವ ಚಾಕು ಸಾಕು. ಗಟ್ಟಿ ತರಕಾರಿಗೆ ಬಂದಾಗ ಚಿಕ್ಕದಾದ, ಹರಿತವಾದ, ಮಗುವಿನ ಕೈಗೆ ಹಿಡಿ ಸರಿಯಾಗುವ ಚಾಕುವೇ ಬೇಕು, ಮತ್ತು ಅಷ್ಟೂ ಹೊತ್ತು ನೀವು ಪಕ್ಕದಲ್ಲಿರಬೇಕು. ಫೋನ್ ಬಂದರೆ ಚಾಕು ಕೆಳಗಿಡಿಸಿ ಆಮೇಲೆ ಎತ್ತಿ.

ಮೊದಲು ಚಾಪಿಂಗ್ ಬೋರ್ಡಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಬೋರ್ಡ್ ಜಾರಬಾರದು. ದುಂಡಗಿರುವ ಯಾವುದನ್ನೂ ಹಾಗೇ ಕೊಡಬೇಡಿ. ಆಲೂಗಡ್ಡೆಯೋ ಈರುಳ್ಳಿಯೋ ನೀವೇ ಅರ್ಧ ಸೀಳಿ, ಚಪ್ಪಟೆ ಭಾಗ ಕೆಳಗೆ ಬರುವಂತೆ ಇಟ್ಟುಕೊಡಿ. ಇಷ್ಟು ಮಾಡಿದರೆ ಅರ್ಧ ಅಪಾಯ ಹೋಯಿತು.

ಹಿಡಿಯುವ ರೀತಿ ಎರಡು. ದಪ್ಪ ವಸ್ತುವಿಗೆ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಮೇಲೆ ಕಮಾನು ಮಾಡಬೇಕು, ಚಾಕು ಆ ಕಮಾನಿನ ಕೆಳಗಿನಿಂದ ಹೋಗುತ್ತದೆ. ಇದು ಚಿಕ್ಕವರಿಗೂ ಬೇಗ ಬರುತ್ತದೆ. ಇನ್ನೊಂದರಲ್ಲಿ ಬೆರಳ ತುದಿಗಳನ್ನು ಬೆಕ್ಕಿನ ಪಂಜದಂತೆ ಒಳಕ್ಕೆ ಮಡಚಿ, ಗೆಣ್ಣುಗಳು ಮುಂದೆ ಬರುವಂತೆ ತರಕಾರಿ ಹಿಡಿಯಬೇಕು. ಚಾಕುವಿನ ಬದಿ ಗೆಣ್ಣಿಗೆ ತಾಗಿಕೊಂಡೇ ಇಳಿಯುತ್ತದೆ, ಉಗುರಿನ ಹತ್ತಿರ ಬರುವುದಿಲ್ಲ. ಇದು ಅಭ್ಯಾಸವಾಗಲು ತಿಂಗಳುಗಟ್ಟಲೆ ಹಿಡಿಯಬಹುದು. ಅವಸರ ಮಾಡಬೇಡಿ, "ನಿಧಾನ" ಅನ್ನುವ ಒಂದೇ ಮಾತು ಸಾಕು. ಹೋಳುಗಳು ಒಂದು ದಪ್ಪ, ಒಂದು ಸಣ್ಣ ಆಗುತ್ತವೆ. ಆಗಲಿ. ಯಾವುದು ಮೊದಲು ಬೆಂದಿತು, ಯಾವುದು ಬೇಯಲಿಲ್ಲ ಅಂತ ಊಟದ ಹೊತ್ತಿಗೆ ಅವರಿಗೇ ಗೊತ್ತಾಗಿ, ಮುಂದಿನ ಸಲ ಅವರೇ ಸಮವಾಗಿ ಹೆಚ್ಚಲು ನೋಡುತ್ತಾರೆ. ನೀವು ಹಿಂದೆ ನಿಂತು ಅವರ ಹೋಳನ್ನು ಮತ್ತೆ ಸಣ್ಣಗೆ ಹೆಚ್ಚಬೇಡಿ. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಈರುಳ್ಳಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ಕಣ್ಣೀರು ಕಡಿಮೆ. ಹೆಚ್ಚಿದಾಗ ಅದರ ಕೋಶ ಒಡೆದು ಗಂಧಕ ಇರುವ ಒಂದು ಅನಿಲ ಹೊರಬಂದು ಕಣ್ಣಿಗೆ ತಾಗುತ್ತದೆ. ತಣ್ಣಗಿದ್ದರೆ ಅದು ಅಷ್ಟಾಗಿ ಮೇಲೇಳುವುದಿಲ್ಲ. ಮೆಣಸಿನಕಾಯಿ ಮಾತ್ರ ನೀವೇ ಹೆಚ್ಚಿ. ಆ ಕೈ ಕಣ್ಣಿಗೆ ಹೋದರೆ ಅವತ್ತಿನ ಅಡುಗೆ ಅಲ್ಲಿಗೇ ನಿಂತಿತು.

ಒಲೆ ಮತ್ತು ಬಿಸಿ

ನನ್ನ ಪ್ರಕಾರ ಚಾಕುವಿಗಿಂತ ಬಿಸಿ ನೀರಿಗೆ ಜಾಸ್ತಿ ಹೆದರಬೇಕು. ಮಕ್ಕಳ ಚರ್ಮ ತೆಳು. 60 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ, ನೀರು ಕುದಿಯುವುದು 100ರಲ್ಲಿ ಅನ್ನುವುದು ನೆನಪಿರಲಿ. ಒಲೆಯ ಸುತ್ತ ಒಂದು ಮೀಟರ್ ಜಾಗ ಚಿಕ್ಕ ಮಕ್ಕಳಿಗೆ ನಿಷಿದ್ಧ. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಗೆರೆ ಹಾಕಿದರೆ ಬಾಯಿಮಾತಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದಷ್ಟು ಹಿಂದಿನ ಬರ್ನರ್ ಬಳಸಿ, ಪಾತ್ರೆಯ ಹಿಡಿ ಒಳಗಡೆ ತಿರುಗಿಸಿಡಿ. ಬಿಸಿ ಪಾತ್ರೆ ಎತ್ತಿಕೊಂಡು ಹೋಗುವಾಗ "ಬಿಸಿ, ಬಿಸಿ, ದಾರಿ" ಅಂತ ಜೋರಾಗಿ ಹೇಳುವುದು ಮನೆಯ ಎಲ್ಲರಿಗೂ ರೂಢಿಯಾಗಲಿ, ದೊಡ್ಡವರಿಗೂ.

ಒಲೆ ಕಲಿಸುವಾಗ ಮೊದಲ ಪಾಠ ಆರಿಸುವುದು. ಹಚ್ಚುವುದು ಆಮೇಲೆ. ಏನೇ ಗಾಬರಿಯಾದರೂ ಕೈ ಮೊದಲು ಒಲೆಯ ನಾಬ್ ತಿರುಗಿಸಿ ಆರಿಸಬೇಕು, ಅದು ಯೋಚನೆ ಇಲ್ಲದೆ ಬರುವಷ್ಟು ಸಲ ಮಾಡಿಸಿ, ಖಾಲಿ ಒಲೆಯಲ್ಲೇ. ಎರಡನೇ ಪಾಠ ಮುಚ್ಚಳ. ತನ್ನ ಕಡೆಯ ಅಂಚನ್ನು ಮೊದಲು ಎತ್ತಿದರೆ ಆವಿಯೆಲ್ಲ ಮುಖಕ್ಕೇ ಬರುತ್ತದೆ. ಆಚೆ ಕಡೆಯ ಅಂಚು ಮೊದಲು ಎತ್ತಬೇಕು, ಆವಿ ಅತ್ತ ಹೋಗುತ್ತದೆ. ಮೂರನೆಯದು, ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಬಾರದು, ಶಾಖ ಕ್ಷಣದಲ್ಲಿ ಕೈಗೆ ಬರುತ್ತದೆ. ಎಣ್ಣೆಯಲ್ಲಿ ಕರಿಯುವುದು, ಪ್ರೆಶರ್ ಕುಕ್ಕರ್ ತೆರೆಯುವುದು, ಕುದಿಯುವ ನೀರು ಬಸಿಯುವುದು ಈ ಮೂರನ್ನು ಹತ್ತರ ನಂತರವೂ ಕೆಲವು ವರ್ಷ ನೀವೇ ಇಟ್ಟುಕೊಳ್ಳಿ. ಮಿಕ್ಸಿಯ ಜಾರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು, ಸ್ವಿಚ್ ಆಫ್ ಸಾಲದು.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಅನ್ನುವುದನ್ನು ದೊಡ್ಡ ಮಕ್ಕಳಿಗೆ ಮುಂಚೆಯೇ ಹೇಳಿರಿ. ನೀರು ತಕ್ಷಣ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ. ಮಕ್ಕಳು ಹಿಂದೆ ಸರಿದು ಕೂಗಬೇಕು, ದೊಡ್ಡವರು ಒಲೆ ಆರಿಸಿ ಮುಚ್ಚಳ ಮುಚ್ಚಬೇಕು.

ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಪೂರ್ತಿ 20 ನಿಮಿಷ. ಐಸ್ ಬೇಡ, ಬೆಣ್ಣೆ ಬೇಡ, ಟೂತ್‌ಪೇಸ್ಟ್ ಬೇಡ. ಬಳೆ, ಉಂಗುರ ಇದ್ದರೆ ಊದಿಕೊಳ್ಳುವ ಮೊದಲು ತೆಗೆಯಿರಿ. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಎಳೆಯಬೇಡಿ. ಗುಳ್ಳೆ ಬಂದರೆ, ಮುಖ, ಕೈ, ಕೀಲಿನ ಹತ್ತಿರ ಸುಟ್ಟರೆ, ಮಗುವಿನ ಅಂಗೈಗಿಂತ ದೊಡ್ಡ ಗಾಯವಾದರೆ ಡಾಕ್ಟರಿಗೆ ತೋರಿಸಿ.

ರುಚಿ ನೋಡುವುದು

ಕಲಸುತ್ತಾ ಕಲಸುತ್ತಾ ಬೆರಳು ನೆಕ್ಕುವುದು ಮಕ್ಕಳ ಹಕ್ಕು ಅನ್ನಿಸುತ್ತದೆ, ಆದರೆ ಹಸಿ ಹಿಟ್ಟಿಗೆ ಇದು ಸಲ್ಲದು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತು. ಬರೀ ಹಿಟ್ಟೂ ಅಷ್ಟೇ, ಹೊಲದಿಂದ ಬಂದ ಧಾನ್ಯವನ್ನು ಬೀಸಿದ್ದು ಅದು, ಅದರಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ಇರಬಹುದು, ಬೇಯಿಸಿದಾಗಲೇ ಸಾಯುವುದು. ಹಸಿ ಮಾಂಸ ಮಕ್ಕಳ ಕೈಗೆ ಬೇಡ, ಅದಕ್ಕೆ ಬಳಸಿದ ಬೋರ್ಡ್, ಚಾಕು ಎರಡೂ ಬೇರೆ. ಕೋಳಿಮಾಂಸವನ್ನು ನಲ್ಲಿಯ ಕೆಳಗೆ ತೊಳೆದರೆ ನೀರಿನ ಹನಿಗಳ ಜೊತೆ ರೋಗಾಣು ಸಿಂಕಿನ ಸುತ್ತ ಹರಡುತ್ತದೆ, ಪಕ್ಕದಲ್ಲಿ ಮಗು ಸೊಪ್ಪು ತೊಳೆಯುತ್ತಿದ್ದರಂತೂ ಅದನ್ನು ಮಾಡಲೇಬೇಡಿ.

ಬೆಂದ ಮೇಲೆ ರುಚಿ ನೋಡುವ ಅಧಿಕಾರ ಪೂರ್ತಿ ಅವರಿಗೆ ಕೊಡಿ. ಒಂದು ಸ್ಪೂನ್ ತಟ್ಟೆಗೆ ಹಾಕಿ, ಆರಿಸಿ, ನೋಡಲಿ. "ಚೆನ್ನಾಗಿದೆಯಾ" ಅಂತ ಕೇಳಿದರೆ "ಹೂಂ" ಅನ್ನುವ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. "ಏನು ಕಡಿಮೆ, ಉಪ್ಪೋ ಹುಳಿಯೋ" ಅಂತ ಕೇಳಿ. ಅವರು ಹುಳಿ ಅಂದರೆ ನಿಂಬೆರಸ ನಾಲ್ಕು ಹನಿ ಹಾಕಿಸಿ ಮತ್ತೆ ನೋಡಿಸಿ. ಬೇಕಾದರೆ ಸೂಪನ್ನು ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ಮಾತ್ರ ಉಪ್ಪು ಹಾಕಿ ಹೋಲಿಸಲಿ. ಹೀಗೆ ಕಲಿತ ಮಗು ಆಮೇಲೆ ಊಟಕ್ಕೆ ಕೂತು ಬರೀ "ಚೆನ್ನಾಗಿಲ್ಲ" ಅನ್ನುವುದಿಲ್ಲ, ಏನು ಚೆನ್ನಾಗಿಲ್ಲ ಅಂತ ಹೇಳುತ್ತದೆ. ಕೆಲವೊಮ್ಮೆ ಅದು ಕೇಳಲು ಕಷ್ಟ, ಆದರೆ ಸರಿಯಾಗಿರುತ್ತದೆ.

ತರಕಾರಿ ತಿನ್ನದ ಮಕ್ಕಳ ಬಗ್ಗೆ ಒಂದು ಮಾತು. 2014ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಒಂದು ಅಧ್ಯಯನದಲ್ಲಿ 6ರಿಂದ 10 ವರ್ಷದ 47 ಮಕ್ಕಳನ್ನು ನೋಡಿದರು. ಊಟ ತಯಾರಿಯಲ್ಲಿ ಕೈ ಜೋಡಿಸಿದ ಮಕ್ಕಳು, ಅಪ್ಪ ಅಥವಾ ಅಮ್ಮ ಒಬ್ಬರೇ ಮಾಡಿಕೊಟ್ಟ ಊಟ ತಿಂದ ಮಕ್ಕಳಿಗಿಂತ ಸಲಾಡ್ ಜಾಸ್ತಿ ತಿಂದರು. ಚಿಕ್ಕ ಅಧ್ಯಯನ, ಅದೂ ಒಂದು ಊಟದ ಲೆಕ್ಕ, ಹಾಗಾಗಿ ನಾಳೆಯೇ ಪವಾಡ ಆಗುತ್ತದೆ ಅಂದುಕೊಳ್ಳಬೇಡಿ. ಹೊಸ ತರಕಾರಿ ಒಪ್ಪಿಕೊಳ್ಳಲು ಮಗುವಿಗೆ ಹತ್ತು ಸಲ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಸಲ ಅದನ್ನು ಕಾಣಬೇಕಾಗುತ್ತದೆ. ತೊಳೆದಾಗ, ಮೂಸಿದಾಗ, ಹೆಚ್ಚಿದಾಗ ಪರಿಚಯ ಬೆಳೆಯುತ್ತದೆ, ಬಾಯಿಗೆ ಹಾಕಲೇಬೇಕು ಅಂತಿಲ್ಲ. "ನೀನೇ ಮಾಡಿದ್ದು, ತಿನ್ನಲೇಬೇಕು" ಅಂದರೆ ಮುಂದಿನ ವಾರ ಅಡುಗೆಗೂ ಬರುವುದಿಲ್ಲ, ತರಕಾರಿಯೂ ಹೊಟ್ಟೆಗೆ ಹೋಗುವುದಿಲ್ಲ.

ಅಳತೆ, ಬಣ್ಣ, ಬೆಣ್ಣೆ

ಅಡುಗೆಮನೆಯಲ್ಲಿ ಗಣಿತ, ವಿಜ್ಞಾನ ಎಲ್ಲ ಇದೆ, ಆದರೆ ಪಾಠ ಮಾಡಲು ಹೋಗಬೇಡಿ. ಟೀ ಸ್ಪೂನ್ 5 ಮಿಲಿಲೀಟರ್, ಟೇಬಲ್ ಸ್ಪೂನ್ 15. ಅಳತೆ ಚಮಚಗಳನ್ನು ಕೈಗೆ ಕೊಟ್ಟು, ಚಿಕ್ಕದರಲ್ಲಿ ಎಷ್ಟು ಸಲ ನೀರು ಹಾಕಿದರೆ ದೊಡ್ಡದು ತುಂಬುತ್ತದೆ ಅಂತ ಅವರೇ ನೋಡಲಿ. ನಾಲ್ಕು ಜನರ ಅಳತೆಯನ್ನು ಆರು ಜನಕ್ಕೆ ಮಾಡಬೇಕು, ಎಷ್ಟು ಹಿಟ್ಟು ಬೇಕು ಅಂತ ಎಂಟು ವರ್ಷದ ಮಗುವನ್ನು ಕೇಳಿ. ಲೆಕ್ಕ ತಪ್ಪಿದರೆ ಹಿಟ್ಟು ನೀರಾಗುತ್ತದೆ, ಕೆಂಪು ಶಾಯಿ ಬೇಕಾಗುವುದಿಲ್ಲ.

ಮಕ್ಕಳ ಕಣ್ಣು ಅರಳುವುದು ಬೆಣ್ಣೆ ಮಾಡುವಾಗ. ಕೊಬ್ಬು ಜಾಸ್ತಿ ಇರುವ ಕ್ರೀಮನ್ನು, ಅಂದರೆ ಶೇಕಡಾ 35ರಷ್ಟು ಕೊಬ್ಬು ಇರುವಂಥದ್ದನ್ನು, ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಬಿಗಿ ಮುಚ್ಚಳದ ಬಾಟಲಿಗೆ ಅರ್ಧ ಮಾತ್ರ ತುಂಬಿ ಕುಲುಕಲು ಕೊಡಿ. ಮೊದಲು ಗಟ್ಟಿಯಾಗಿ ಸದ್ದೇ ನಿಂತುಹೋಗುತ್ತದೆ, "ಕೆಟ್ಟೋಯ್ತು" ಅನ್ನುತ್ತಾರೆ, ಇನ್ನೂ ಕುಲುಕಿ ಅನ್ನಿ. ಹತ್ತು ಹದಿನೈದು ನಿಮಿಷದಲ್ಲಿ ಇದ್ದಕ್ಕಿದ್ದಂತೆ ಬೆಣ್ಣೆ ಒಂದು ಕಡೆ, ನೀರು ಮಜ್ಜಿಗೆ ಒಂದು ಕಡೆ ಆಗುತ್ತದೆ. ಕೈ ಸೋತರೆ ಮನೆಯವರೆಲ್ಲ ಸರದಿಯಲ್ಲಿ ಕುಲುಕಬಹುದು.

ನೇರಳೆ ಎಲೆಕೋಸನ್ನು ಹೆಚ್ಚಿ ಬಿಸಿ ನೀರಿನಲ್ಲಿ ನೆನೆಸಿ ಆರಿಸಿದರೆ ನೇರಳೆ ನೀರು ಸಿಗುತ್ತದೆ. ಒಂದು ಲೋಟಕ್ಕೆ ನಿಂಬೆರಸ ಹಾಕಿದರೆ ಗುಲಾಬಿ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದರೆ ನೀಲಿ ಹಸಿರು. ಆಮೇಲೆ ಎರಡನ್ನೂ ಸೇರಿಸಿ ನೋಡಲಿ, ನೊರೆ ಉಕ್ಕುತ್ತದೆ, ಅದು ಕಾರ್ಬನ್ ಡೈಆಕ್ಸೈಡ್. ಕೇಕ್ ಉಬ್ಬುವುದೂ ಆ ಗುಳ್ಳೆಗಳಿಂದಲೇ ಅಂತ ಒಂದು ಸಾಲು ಹೇಳಿ, ಸಾಕು. ಉಳಿದದ್ದು ಅವರು ಕೇಳಿದರೆ ಮಾತ್ರ.

ಇಬ್ಬರು ಮಕ್ಕಳಿದ್ದರೆ

ಇಬ್ಬರಿಗೂ ಒಂದೇ ಪಾತ್ರೆ ಕೊಟ್ಟರೆ ಜಗಳ ಗ್ಯಾರಂಟಿ. ಸರದಿ ಪದ್ಧತಿ ಐದು ನಿಮಿಷವೂ ನಡೆಯುವುದಿಲ್ಲ. ಬೇರೆ ಬೇರೆ ಕೆಲಸ, ಬೇರೆ ಬೇರೆ ಜಾಗ. ದೊಡ್ಡವರು ಸಲಾಡಿಗೆ ಹಾಕುವ ಡ್ರೆಸ್ಸಿಂಗ್ ಕಲಸಲಿ, ಚಿಕ್ಕವರು ಎಲೆ ಹರಿಯಲಿ. ದೊಡ್ಡವರಿಗೆ "ತಮ್ಮನಿಗೆ ಹೇಳಿಕೊಡು" ಅನ್ನುವ ಕೆಲಸ ಕೊಡಬೇಡಿ, ಎರಡು ನಿಮಿಷದಲ್ಲಿ ಅದು ಯಜಮಾನಿಕೆಯಾಗುತ್ತದೆ. ಗಂಡು ಮಗುವಿಗೆ ಸ್ಟೂಲ್ ತರುವ ಕೆಲಸ, ಹೆಣ್ಣು ಮಗುವಿಗೆ ಪಾತ್ರೆ ತೊಳೆಯುವ ಕೆಲಸ ಅಂತ ಗೊತ್ತಿಲ್ಲದೇ ಹಂಚಿಹೋಗುತ್ತಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.

ಹನ್ನೆರಡು ದಾಟಿದ ಮೇಲೆ ಕೆಲಸದ ಅಳತೆ ಬದಲಾಗಬೇಕು. ಆಗ "ಒಂದು ಕೆಲಸ" ಅಂದರೆ ವಾರಕ್ಕೊಮ್ಮೆ ಒಂದು ಹೊತ್ತಿನ ಇಡೀ ಊಟ. ಏನು ಮಾಡಬೇಕು, ಮನೆಯಲ್ಲಿ ಏನಿದೆ, ಏನು ತರಬೇಕು, ಯಾವುದನ್ನು ಮೊದಲು ಒಲೆಗೆ ಇಟ್ಟರೆ ಎಲ್ಲವೂ ಒಟ್ಟಿಗೆ ಬಿಸಿಯಾಗಿ ಮುಗಿಯುತ್ತದೆ, ಇದೆಲ್ಲ ಅವರ ತಲೆನೋವು. ಒಂದು ಚೀಟಿಯಲ್ಲಿ ಊಟದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಸಮಯ ಬರೆಯಲು ಕಲಿಸಿ: ಒಂದು ಗಂಟೆಗೆ ಊಟ, ಅನ್ನಕ್ಕೆ 30 ನಿಮಿಷ, ತರಕಾರಿ ಹೆಚ್ಚಲು 20. ಉಳಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುವುದೂ ಅದೇ ಕೆಲಸದಲ್ಲಿ ಸೇರಿದೆ. ನೀವು ಹೊರಗಿನ ಕೋಣೆಯಲ್ಲಿ ಕೂತಿರಿ, ಕರೆದರೆ ಮಾತ್ರ ಹೋಗಿ.

ಉಪ್ಪು ಜಾಸ್ತಿಯಾಯಿತು ಅಂತ ಕರೆಯುವ ಸಾಧ್ಯತೆಯೇ ಹೆಚ್ಚು. ಆಲೂಗಡ್ಡೆ ಹಾಕಿದರೆ ಉಪ್ಪು ಹೀರಿಕೊಳ್ಳುತ್ತದೆ ಅನ್ನುವುದನ್ನು ನಂಬಬೇಡಿ, ಅದು ಉಪ್ಪುನೀರನ್ನು ಹೀರುತ್ತದೆ, ಉಳಿದ ಸಾರಿನ ಉಪ್ಪು ಅಷ್ಟೇ ಇರುತ್ತದೆ. ನೀರು, ಉಪ್ಪಿಲ್ಲದೆ ಬೇಯಿಸಿದ ಬೇಳೆ ಅಥವಾ ತರಕಾರಿ ಸೇರಿಸಿ ಒಟ್ಟು ಪ್ರಮಾಣ ಜಾಸ್ತಿ ಮಾಡುವುದೊಂದೇ ದಾರಿ. ಎಷ್ಟು ಸೇರಿಸಬೇಕು ಅಂತ ಅವರೇ ರುಚಿ ನೋಡಿ ತೀರ್ಮಾನಿಸಲಿ. ಆಗುವುದಿಲ್ಲ ಅಂದರೆ ಮೊಸರು ಹಾಕಿಕೊಂಡು ತಿನ್ನಿ.